ಹಳೇ ಐಪಾಡ್ ವಿಡಿಯೋ ಬಿಚ್ಚಿ ಹಾರ್ಡ್ ಡಿಸ್ಕ್ ಬದ್ಲು ಎಸ್‌ಡಿ ಕಾರ್ಡ್ ಹಾಕೋದು ಹೇಗೆ

ಮನೇಲಿ ಎಲ್ಲಾದ್ರೂ ಹಳೇ ಐಪಾಡ್, ಅಂದ್ರೆ ಆಪಲ್ ಕಂಪನಿಯ ಹಾಡು ಕೇಳೋ ಪುಟ್ಟ ಪ್ಲೇಯರ್, ಬಿದ್ದಿದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ. ಆನ್ ಮಾಡಿದ್ರೆ ಅಳುಮುಖದ ಐಕಾನ್ ಬರ್ತಿದ್ರೂ ಪರವಾಗಿಲ್ಲ, ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬರ್ತಿದ್ರೂ ಪರವಾಗಿಲ್ಲ, ಯಾಕಂದ್ರೆ ಇದ್ರಲ್ಲಿ ಹಾಳಾಗೋದು ಹೆಚ್ಚಾಗಿ ಎರಡೇ ಸಾಮಾನು, ಒಂದು ತಿರುಗೋ ಹಾರ್ಡ್ ಡಿಸ್ಕ್ ಇನ್ನೊಂದು ಬ್ಯಾಟರಿ. ಬೋರ್ಡು, ಕ್ಲಿಕ್ ವ್ಹೀಲು (ಮುಂದಿರೋ ದುಂಡಗಿನ ಬಟನ್ ಚಕ್ರ), ಆಡಿಯೋ ಚಿಪ್ಪು ಇವೆಲ್ಲ ಇಷ್ಟು ವರ್ಷ ಆದ್ಮೇಲೂ ಸಾಮಾನ್ಯವಾಗಿ ಚೆನ್ನಾಗೇ ಇರುತ್ವೆ. ಆಪಲ್ ನವರು 2022ರ ಮೇ ತಿಂಗಳಲ್ಲಿ ಐಪಾಡ್ ಅನ್ನೋದನ್ನೇ ಪೂರ್ತಿ ನಿಲ್ಲಿಸಿದ್ರು, ಆದ್ರೂ ಇದಕ್ಕೆ ಬೇಕಾದ ಪಾರ್ಟ್ಸ್ ಇವತ್ತಿಗೂ ಸಿಗುತ್ತೆ.

ಮೊದಲ್ನೇ ಸಲ ಮಾಡೋರಿಗೆ ನಾನು ಹೇಳೋದು ಐದನೇ ಜನರೇಷನ್ ಐಪಾಡ್, ಅಂದ್ರೆ ಐಪಾಡ್ ವಿಡಿಯೋ. 2005ರ ಅಕ್ಟೋಬರಲ್ಲಿ ಬಂದಿದ್ದು, ಆಮೇಲೆ 2006ರ ಸೆಪ್ಟೆಂಬರಲ್ಲಿ ಸ್ವಲ್ಪ ಸುಧಾರಿಸಿ ಇನ್ನೊಂದು ಬಿಟ್ರು, ಅದನ್ನ ಎಲ್ರೂ 5.5 ಅಂತಾರೆ. ಎರಡ್ರದ್ದೂ ಹಿಂದೆ ಬರೆದಿರೋ ಮಾಡೆಲ್ ನಂಬರ್ ಎ1136 ಒಂದೇ, ಹಾಗಾಗಿ ನಂಬರ್ ನೋಡಿ ಗೊತ್ತಾಗಲ್ಲ, ಮ್ಯೂಸಿಕ್ ಮೆನು ಒಳಗೆ ಸರ್ಚ್ ಅಂತ ಇದ್ರೆ 5.5. ಇದರ ಮುಂಭಾಗ ಪ್ಲಾಸ್ಟಿಕ್ಕು, ಹಿಂಭಾಗ ಹೊಳೆಯೋ ಸ್ಟೀಲು, ಮಧ್ಯೆ ಬರೀ ಕ್ಲಿಪ್ಪುಗಳು, ಅಂಟಿಲ್ಲ. 2007ರಲ್ಲಿ ಬಂದ ಐಪಾಡ್ ಕ್ಲಾಸಿಕ್ ಅನ್ನೋ ಮುಂದಿನ ಮಾಡೆಲ್ಲು ನೋಡೋಕೆ ಗಟ್ಟಿ, ಮುಂದೆ ಅಲ್ಯೂಮಿನಿಯಂ, ಆದ್ರೆ ಲೋಹದ ಮೇಲೆ ಲೋಹ ಕಚ್ಕೊಂಡಿರತ್ತೆ, ಬಿಚ್ಚೋವಾಗ ಅಂಚು ಸೊಟ್ಟ ಆಗದೆ ಬರೋದು ಕಷ್ಟ. ಜೊತೆಗೆ 2007, 2008ರ ಕ್ಲಾಸಿಕ್‌ಗಳಲ್ಲಿ ಆಪಲ್ ಸಾಫ್ಟ್‌ವೇರ್ 128 ಜಿಬಿ ಮೇಲೆ ನೋಡಲ್ಲ, 2009ರ 160 ಜಿಬಿ ಮಾಡೆಲ್ಲಿಗೆ ಆ ತೊಂದ್ರೆ ಇಲ್ಲ. ಕ್ಲಾಸಿಕ್ ಬೇಕೇ ಬೇಕು ಅನ್ನೋರು ವಿಡಿಯೋದಲ್ಲಿ ಕೈ ಪಳಗಿಸ್ಕೊಂಡು ಆಮೇಲೆ ಅದಕ್ಕೆ ಹೋಗಿ.

ಸೆಕೆಂಡ್ ಹ್ಯಾಂಡ್ ತಗೊಳೋದಾದ್ರೆ ಇನ್ನೊಂದು ವಿಷಯ. 30 ಜಿಬಿ ಮಾಡೆಲ್ಲು ತೆಳ್ಳಗಿರತ್ತೆ, ಅದ್ರಲ್ಲಿ 32 ಎಂಬಿ ರಾಮ್. 60 ಮತ್ತೆ 80 ಜಿಬಿಯವು ದಪ್ಪ, ಅವಕ್ಕೆ 64 ಎಂಬಿ. ಆಪಲ್ ಸಾಫ್ಟ್‌ವೇರ್ ಹಾಡಿನ ಪಟ್ಟಿನ ರಾಮ್ ಒಳಗೇ ಇಟ್ಕೊಳೋದ್ರಿಂದ 32 ಎಂಬಿ ಇರೋದಕ್ಕೆ ಹತ್ತಿಪ್ಪತ್ತು ಸಾವಿರ ಹಾಡು ತುಂಬಿಸಿದ್ರೆ ತಡವರಿಸೋಕೆ ಶುರು ಆಗತ್ತೆ, ರೀಬೂಟ್ ಆಗ್ತಾ ಇರತ್ತೆ. ಅಷ್ಟೊಂದು ಹಾಡು ಇಲ್ಲ ಅಂದ್ರೆ 30 ಜಿಬಿದೇ ಸಾಕು, ಅದೇ ಜಾಸ್ತಿ ಸಿಗೋದು. ಹಾರ್ಡ್ ಡಿಸ್ಕ್ ಹೋಗಿರೋ ಸೆಟ್ ಕಮ್ಮಿ ರೇಟಿಗೆ ಸಿಕ್ರೆ ಕಣ್ಮುಚ್ಚಿ ತಗೊಳಿ, ಹೇಗಿದ್ರೂ ಅದನ್ನ ತೆಗೀತೀವಿ. ನೋಡ್ಬೇಕಾಗಿರೋದು ಸ್ಕ್ರೀನಲ್ಲಿ ಗೆರೆ ಇದ್ಯಾ, ವ್ಹೀಲ್ ಎಲ್ಲಾ ಕಡೆ ಕೆಲಸ ಮಾಡತ್ತಾ, ಹೆಡ್‌ಫೋನ್ ಎರಡೂ ಕಿವಿಗೆ ಬರತ್ತಾ ಅಂತ. ಕರಾವಳಿ ಕಡೆ ವರ್ಷಗಟ್ಟಲೆ ಇದ್ದ ಸೆಟ್ ಆದ್ರೆ ಕೆಳಗೆ ಕೇಬಲ್ ಹಾಕೋ 30 ಪಿನ್ ಬಾಯೊಳಗೆ ಟಾರ್ಚ್ ಬಿಟ್ಟು ಹಸಿರು ಕಿಲುಬು ಹಿಡಿದಿದ್ಯಾ ನೋಡಿ, ಸ್ವಲ್ಪ ಇದ್ರೆ ಐಸೊಪ್ರೊಪೈಲ್ ಆಲ್ಕೋಹಾಲು ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿದ್ರೆ ಹೋಗತ್ತೆ.

ಆನ್ ಆಗೋ ಸೆಟ್ ಆದ್ರೆ ಬಿಚ್ಚೋ ಮುಂಚೆ ಡಿಸ್ಕ್ ಸ್ಥಿತಿ ನೋಡ್ಬಹುದು. ಮೆನು ಮತ್ತೆ ನಡುವಿನ ಬಟನ್ ಒಟ್ಟಿಗೆ ಒತ್ತಿ ಹಿಡ್ಕೊಳಿ, ಆಪಲ್ ಚಿತ್ರ ಬಂದ ಕೂಡ್ಲೇ ನಡುವಿನ ಬಟನ್ ಮತ್ತೆ ಹಿಂದಿನ ಹಾಡಿಗೆ ಹೋಗೋ ಬಟನ್ ಎರಡನ್ನೂ ಒತ್ತಿ, ಡಯಾಗ್ನೋಸ್ಟಿಕ್ ಮೋಡ್ ಬರತ್ತೆ. ಅಲ್ಲಿ ಐಓ, ಹಾರ್ಡ್‌ಡ್ರೈವ್ ಒಳಗೆ ಸ್ಮಾರ್ಟ್ ಡೇಟಾ, ಅಂದ್ರೆ ಡಿಸ್ಕಿನ ಆರೋಗ್ಯದ ಲೆಕ್ಕ ಇರತ್ತೆ, ರೀಆಲಾಕ್ (ಕೆಟ್ಟುಹೋದ ಜಾಗಗಳ ಎಣಿಕೆ) ಅನ್ನೋ ಕಡೆ ದೊಡ್ಡ ಸಂಖ್ಯೆ ಇದ್ರೆ ಡಿಸ್ಕು ಕೊನೇ ದಿನ ಎಣಿಸ್ತಿದೆ ಅಂತ ಅರ್ಥ, ಒಳಗಿರೋ ಹಾಡುಗಳನ್ನ ಇವತ್ತೇ ಕಂಪ್ಯೂಟರಿಗೆ ಕಾಪಿ ಮಾಡ್ಕೊಳಿ.

ಬೇಕಾಗೋದು ಇಷ್ಟು. ಮೊಬೈಲ್ ರಿಪೇರಿಯೋರು ಉಪಯೋಗಿಸೋ ಪ್ಲಾಸ್ಟಿಕ್ ಓಪನಿಂಗ್ ಟೂಲ್ ಎರಡು ಮೂರು, ತುದಿ ಚಪ್ಪಟೆ ಇರೋ ಸ್ಪಡ್ಜರ್ ಅನ್ನೋ ಮೀಟೋ ಕಡ್ಡಿ, ಒಂದು ಚಿಮ್ಮಟ, ತೆಳು ಡಬಲ್ ಸೈಡ್ ಟೇಪು. ಬೆಂಗಳೂರಲ್ಲಿ ಇರೋರಿಗೆ ಎಸ್ ಪಿ ರೋಡಲ್ಲಿ ಇವೆಲ್ಲ ಸಿಗತ್ತೆ. ಸ್ಕ್ರೂಡ್ರೈವರ್ ತುದಿ ಹಾಕಿ ಮೀಟ್ಬೇಡಿ, ಪ್ಲಾಸ್ಟಿಕ್ ಅಂಚಲ್ಲಿ ಗಾಯ ಆದ್ರೆ ಮತ್ತೆ ಸರಿ ಹೋಗಲ್ಲ. ಆಮೇಲೆ ಹಾರ್ಡ್ ಡಿಸ್ಕ್ ಜಾಗಕ್ಕೆ ಕೂರೋ ಅಡಾಪ್ಟರ್, ಐಫ್ಲ್ಯಾಶ್ ಅನ್ನೋದು ಎಲ್ರೂ ನಂಬೋದು, ಅದ್ರಲ್ಲಿ ಸೋಲೋ ಅನ್ನೋದಕ್ಕೆ ಒಂದು ಎಸ್‌ಡಿ ಕಾರ್ಡ್, ಕ್ವಾಡ್ ಅನ್ನೋದಕ್ಕೆ ನಾಲ್ಕು ಮೈಕ್ರೋ ಎಸ್‌ಡಿ. ಹೊರದೇಶದಿಂದ ತರಿಸೋದಾದ್ರೆ ಕಸ್ಟಮ್ಸ್ ಖರ್ಚೂ ಸೇರಿಸಿ ಲೆಕ್ಕ ಹಾಕಿ. ಕಾರ್ಡ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ನಕಲಿ ಕಾರ್ಡುಗಳು ತುಂಬಾ ಇವೆ, ಮೇಲೆ 256 ಅಂತ ಬರ್ದಿರತ್ತೆ ಒಳಗೆ 16 ಜಿಬಿ ಇರತ್ತೆ, ಅದು ಐಪಾಡ್ ಒಳಗೆ ಹೋದ್ಮೇಲೆ ಯಾವ್ಯಾವ್ದೋ ಹಾಡು ಅರ್ಧಕ್ಕೆ ನಿಂತು ಮುಂದಕ್ಕೆ ಹಾರತ್ತೆ, ನಾವು ಒಳಗಿನ ರಿಬ್ಬನ್ (ಚಪ್ಪಟೆ ತೆಳು ಕೇಬಲ್) ಸರಿ ಕೂತಿಲ್ಲ ಅಂತ ಮತ್ತೆ ಮತ್ತೆ ಬಿಚ್ತೀವಿ. ಅದಕ್ಕೇ ಕಾರ್ಡ್ ತಂದ ತಕ್ಷಣ ಕಂಪ್ಯೂಟರಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನೋ ಪ್ರೋಗ್ರಾಮಲ್ಲಿ ಪೂರ್ತಿ ತುಂಬಿಸಿ ಟೆಸ್ಟ್ ಮಾಡಿ, ಗಂಟೆಗಟ್ಟಲೆ ಹಿಡಿಯತ್ತೆ, ಹಿಡೀಲಿ.

ಈಗ ಬಿಚ್ಚೋದು. ಇದನ್ನ ನಿಧಾನಕ್ಕೆ ಓದಿ, ಯಾಕಂದ್ರೆ ಐಪಾಡ್ ನಿಜವಾಗ್ಲೂ ಕೆಡೋದು ಇಲ್ಲೇ, ಅದೂ ರಿಬ್ಬನ್ ಕೇಬಲ್ ಕಿತ್ತು. ಚಾರ್ಜ್ ಕಾಲು ಭಾಗಕ್ಕಿಂತ ಕಮ್ಮಿ ಇರೋ ಹಾಗೆ ಖಾಲಿ ಮಾಡಿ, ಆಫ್ ಮಾಡಿ, ಹೋಲ್ಡ್ ಸ್ವಿಚ್ ಲಾಕ್ ಕಡೆ ತಳ್ಳಿ, ಇಲ್ಲಾಂದ್ರೆ ಕೈ ತಾಗಿ ಮಧ್ಯದಲ್ಲಿ ಆನ್ ಆಗತ್ತೆ. ಮೇಲ್ಭಾಗದಲ್ಲಿ ಪಕ್ಕದ ಅಂಚಿನಿಂದ ಶುರು ಮಾಡಿ, ಪ್ಲಾಸ್ಟಿಕ್ಕಿಗೂ ಸ್ಟೀಲಿಗೂ ಮಧ್ಯದ ಸಂದಿಗೆ ಟೂಲ್ ತೂರಿಸಿ ಸ್ವಲ್ಪ ತಿರುಚಿ, ಒಂದು ಕ್ಲಿಪ್ ಟಕ್ ಅಂದ್ರೆ ಆ ಟೂಲ್ ಅಲ್ಲೇ ಬಿಡಿ, ಇನ್ನೊಂದು ಟೂಲ್ ತಗೊಂಡು ಕೆಳಗೆ ಜಾರಿಸ್ತಾ ಹೋಗಿ, ಒಂದು ಪಕ್ಕ ಪೂರ್ತಿ ಬಿಟ್ಮೇಲೆ ಇನ್ನೊಂದು ಪಕ್ಕ. ಹಲಸಿನ ತೊಳೆ ಬಿಡಿಸೋ ಥರ ತಾಳ್ಮೆ ಬೇಕು, ಎಳೆದ್ರೆ ಹರಿಯತ್ತೆ. ಎಲ್ಲಾ ಕ್ಲಿಪ್ಪೂ ಬಿಟ್ಟಿದೆ ಅಂತ ಗೊತ್ತಾದ ಕೂಡ್ಲೇ ಖುಷಿಗೆ ಎರಡನ್ನೂ ದೂರ ಎಳೀಬೇಡಿ. ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ಎರಡು ಕೇಬಲ್ ಇನ್ನೂ ಕೂಡ್ಕೊಂಡಿದೆ, ಒಂದು ಬ್ಯಾಟರಿದು, ಇನ್ನೊಂದು ಹೆಡ್‌ಫೋನ್ ಜ್ಯಾಕ್ ಮತ್ತೆ ಹೋಲ್ಡ್ ಸ್ವಿಚ್ಚಿಂದು.

ಬೆರಳಗಲ ತೆರೆದು ಒಳಗೆ ನೋಡಿದ್ರೆ ಬ್ಯಾಟರಿ ಕೇಬಲ್ ಬೋರ್ಡಿಗೆ ಸೇರೋ ಕಡೆ ಒಂದು ಸಣ್ಣ ಕಂದು ಬಣ್ಣದ ಪಟ್ಟಿ ಇರತ್ತೆ. ಅದೇ ಲಾಕು. ಸ್ಪಡ್ಜರ್ ತುದೀಲಿ ಎರಡೂ ಬದಿಯಿಂದ ಸಮನಾಗಿ ಒಂದೆರಡು ಮಿಲಿಮೀಟರ್ ಮಾತ್ರ ಮೇಲಕ್ಕೆ ಎತ್ತಿ, ಕೇಬಲ್ ತಾನೇ ಸಡಿಲ ಆಗತ್ತೆ. ಆ ಪಟ್ಟಿನ ಪೂರ್ತಿ ಕಿತ್ತು ತೆಗೆಯೋದಲ್ಲ, ಕಿತ್ರೆ ಮತ್ತೆ ಹಿಡ್ಕೊಳಲ್ಲ, ಇಡೀ ಬೋರ್ಡಿನ ಹಣೆಬರಹ ಆ ಚೂರು ಪ್ಲಾಸ್ಟಿಕ್ ಮೇಲೆ ನಿಂತಿರತ್ತೆ. ಬ್ಯಾಟರಿ ಕೇಬಲ್ ಬಿಟ್ಮೇಲೆ ಪುಸ್ತಕ ತೆರೆದ ಹಾಗೆ ಎರಡನ್ನೂ ಪಕ್ಕಪಕ್ಕ ಮಲಗಿಸಿ. ಹೆಡ್‌ಫೋನ್ ಕೇಬಲ್ ಇದ್ದ ಹಾಗೇ ಇರಲಿ, ಬ್ಯಾಟರಿ ಬದಲಾಯಿಸಲ್ಲ ಅಂದ್ರೆ ಅದನ್ನ ಮುಟ್ಟೋ ಅವಶ್ಯಕತೆನೇ ಇಲ್ಲ. ಈ ಹಂತದಲ್ಲಿ ಮೊಬೈಲಲ್ಲಿ ನಾಲ್ಕೈದು ಫೋಟೋ ತೆಗೆದಿಟ್ಕೊಳಿ, ಕೇಬಲ್ ಯಾವ ಮುಖ ಮೇಲಿದೆ ಅನ್ನೋದು ಕಾಣೋ ಹಾಗೆ.

ಹಾರ್ಡ್ ಡಿಸ್ಕು ಬೋರ್ಡಿನ ಮೇಲೆ ನೀಲಿ ರಬ್ಬರ್ ತುಂಡುಗಳ ಮಧ್ಯೆ ಸುಮ್ನೆ ಕೂತಿರತ್ತೆ, ಸ್ಕ್ರೂ ಇಲ್ಲ. ಅದನ್ನ ಎತ್ತಿ ಮಗುಚಿದ್ರೆ ಅಗಲವಾದ ರಿಬ್ಬನ್ ಕಾಣತ್ತೆ, ಅದರ ಲಾಕ್ ಪಟ್ಟಿ ಎತ್ತಿ ರಿಬ್ಬನ್ ನೇರವಾಗಿ ಹೊರಗೆ ಜಾರಿಸಿ. ಈಗ ಕಾರ್ಡ್ ಹಾಕಿದ ಅಡಾಪ್ಟರ್ ತಗೊಂಡು ಅದರ ಲಾಕ್ ಎತ್ತಿ, ರಿಬ್ಬನ್ನಿನ ಚಿನ್ನದ ಬಣ್ಣದ ಗೆರೆಗಳು ಕನೆಕ್ಟರ್ ಒಳಗಿನ ಪಿನ್ ಕಡೆ ಮುಖ ಮಾಡೋ ಹಾಗೆ ತೂರಿಸಿ, ಎಡ ಬಲ ಎರಡೂ ಕಡೆ ಒಂದೇ ಆಳ ಹೋಗಿದ್ಯಾ ನೋಡಿ, ಕೂದಲೆಳೆ ಸೊಟ್ಟ ಇದ್ರೂ ಡಿಸ್ಕ್ ಕಾಣಲ್ಲ, ಆಮೇಲೆ ಲಾಕ್ ಒತ್ತಿ. ಹಾರ್ಡ್ ಡಿಸ್ಕಿಗಿಂತ ಅಡಾಪ್ಟರ್ ತುಂಬಾ ತೆಳ್ಳಗಿರತ್ತೆ, ಉಳಿದ ಜಾಗಕ್ಕೆ ತೆಳು ಸ್ಪಂಜು ಇಡಿ, ಇಲ್ಲಾಂದ್ರೆ ಜೇಬಲ್ಲಿ ಅಲ್ಲಾಡಿ ರಿಬ್ಬನ್ ಸಡಿಲ ಆಗತ್ತೆ. ಅಥವಾ ಅದೇ ಜಾಗಕ್ಕೆ ದೊಡ್ಡ ಬ್ಯಾಟರಿ ಹಾಕಿ, ದಪ್ಪ ಹಿಂಭಾಗದ ಮಾಡೆಲ್ಲಲ್ಲಿ 3000 ಎಂಎಎಚ್ ಬ್ಯಾಟರಿನೂ ಹಿಡಿಸತ್ತೆ. ಮಾಡೋ ಹಾಗಿದ್ರೆ ಇದೊಂದು ಮಾರ್ಪಾಡು ಖಂಡಿತ ಮಾಡಿ.

ಹಳೇ ಬ್ಯಾಟರಿ ಹಿಂದಿನ ಸ್ಟೀಲಿಗೆ ಅಂಟಿರತ್ತೆ, ಅದರ ಕೆಳಗೇ ಹೆಡ್‌ಫೋನ್ ಕೇಬಲ್ ಹಾದು ಹೋಗಿರತ್ತೆ, ಹಾಗಾಗಿ ಕೇಬಲ್ ಇಲ್ಲದ ಬದಿಯಿಂದ ಪ್ಲಾಸ್ಟಿಕ್ ಟೂಲಲ್ಲಿ ಚೂರು ಚೂರೇ ಎಬ್ಬಿಸಿ. ಬ್ಯಾಟರಿ ಉಬ್ಬಿದ್ರೆ ಇನ್ನೂ ಹುಷಾರು, ಬಗ್ಗಿಸಬಾರ್ದು, ಚುಚ್ಚಬಾರ್ದು, ತೂತಾದ್ರೆ ಬೆಂಕಿ ಹತ್ಕೊಳತ್ತೆ. ಕಿಟಕಿ ಪಕ್ಕ ಕೂತು ಮಾಡಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ತೆಗೆದ ಬ್ಯಾಟರಿನ ಹಸಿ ಕಸ ಒಣ ಕಸದ ಜೊತೆ ಹಾಕ್ದೆ ಇ-ವೇಸ್ಟ್ ತಗೊಳೋ ಕಡೆ ಕೊಡಿ.

ಕ್ಲಿಪ್ಪು ಒತ್ತಿ ಮುಚ್ಚೋ ಮುಂಚೆ ಬ್ಯಾಟರಿ ಕೇಬಲ್ ಹಾಕಿ, ತೆರೆದ ಸ್ಥಿತಿಯಲ್ಲೇ ಯುಎಸ್‌ಬಿಗೆ ಕೊಟ್ಟು ನೋಡಿ. ಹೊಸ ಕಾರ್ಡಲ್ಲಿ ಏನೂ ಇಲ್ದೇ ಇರೋದ್ರಿಂದ ಫೋಲ್ಡರ್ ಚಿತ್ರ ಬರೋದು ಸಹಜ, ಗಾಬರಿ ಬೇಡ. ಹೋಲ್ಡ್ ಸ್ವಿಚ್ ಲಾಕಿಂದ ಬಿಡಿಸಿ, ಮೆನು ಮತ್ತೆ ನಡುವಿನ ಬಟನ್ ಒತ್ತಿ ರೀಸೆಟ್ ಮಾಡಿ, ಆಪಲ್ ಬಂದಾಗ ನಡುವಿನ ಬಟನ್ ಮತ್ತೆ ಪ್ಲೇ ಬಟನ್ ಹಿಡಿದ್ರೆ ಡಿಸ್ಕ್ ಮೋಡ್. ಕಂಪ್ಯೂಟರಲ್ಲಿ ಐಟ್ಯೂನ್ಸ್ ಅನ್ನೋ ಆಪಲ್ ಪ್ರೋಗ್ರಾಮ್ ತೆರೆದು ರಿಸ್ಟೋರ್ ಕೊಡಿ. ಇದನ್ನ ವಿಂಡೋಸ್ ಕಂಪ್ಯೂಟರಲ್ಲೇ ಮಾಡಿ ಅಂತೀನಿ, ಆಗ ಕಾರ್ಡು ಫ್ಯಾಟ್32 ಅನ್ನೋ ಫಾರ್ಮ್ಯಾಟ್ ಆಗತ್ತೆ, ಮ್ಯಾಕಲ್ಲಿ ಮಾಡಿದ್ರೆ ಬೇರೆ ಫಾರ್ಮ್ಯಾಟ್ ಆಗಿ ಮುಂದೆ ರಾಕ್‌ಬಾಕ್ಸ್ (ಆಪಲ್ ಸಾಫ್ಟ್‌ವೇರ್ ಬದ್ಲು ಹಾಕೋದು, ಕೆಳಗೆ ಹೇಳ್ತೀನಿ) ಹಾಕೋಕೆ ಬರಲ್ಲ. ರಿಸ್ಟೋರ್ ಆದ್ಮೇಲೆ ಕೆಲವು ಸಲ ಪ್ಲಗ್ ಚಿತ್ರ ತೋರಿಸಿ ನಿಲ್ಲತ್ತೆ, ಗೋಡೆ ಚಾರ್ಜರಿಗೆ ಹಾಕಿದ್ರೆ ಮುಂದಕ್ಕೆ ಹೋಗತ್ತೆ. ಒಂದೆರಡು ಹಾಡು ಹಾಕಿ ಎರಡೂ ಕಿವಿಗೆ ಕೇಳಿ, ಹೋಲ್ಡ್ ಸ್ವಿಚ್ ನೋಡಿ, ವ್ಹೀಲ್ ನೋಡಿ, ಎಲ್ಲಾ ಸರಿ ಇದ್ರೆ ಮಾತ್ರ ಮುಚ್ಚಿ.

ಆಪಲ್ ಸಾಫ್ಟ್‌ವೇರಲ್ಲೇ ಇರ್ಬಹುದು, ಆದ್ರೆ ನನಗೆ ಕೇಳಿದ್ರೆ ರಾಕ್‌ಬಾಕ್ಸ್ ಹಾಕ್ದೆ ಈ ಕೆಲಸ ಪೂರ್ತಿ ಆಗಲ್ಲ. ಅದು ಉಚಿತ, ಓಪನ್ ಸೋರ್ಸು, ರಾಕ್‌ಬಾಕ್ಸ್ ಯುಟಿಲಿಟಿ ಅನ್ನೋ ಪ್ರೋಗ್ರಾಮ್ ತಾನೇ ಎಲ್ಲಾ ಹಾಕ್ಕೊಡತ್ತೆ. ಫ್ಲ್ಯಾಕ್, ಓಗ್, ಓಪಸ್ ಥರದ ಆಡಿಯೋ ಫೈಲುಗಳೆಲ್ಲಾ ಓಡತ್ತೆ, ಐಟ್ಯೂನ್ಸ್ ಬೇಡ, ಫೋಲ್ಡರ್ ಎಳೆದು ಹಾಕಿದ್ರೆ ಸಾಕು. ಹಳೇದು ಬೇಕು ಅನ್ಸಿದಾಗ ಆನ್ ಆಗ್ತಿರೋವಾಗ ಹೋಲ್ಡ್ ಸ್ವಿಚ್ ತಳ್ಳಿದ್ರೆ ಆಪಲ್ದು ಬರತ್ತೆ. ದೊಡ್ಡ ಬ್ಯಾಟರಿ ಹಾಕಿದ್ರೆ ಸೆಟ್ಟಿಂಗ್ಸ್ ಒಳಗೆ ಬ್ಯಾಟರಿ ಕೆಪ್ಯಾಸಿಟಿ ತಿದ್ದಿ, ಇಲ್ಲಾಂದ್ರೆ ಉಳಿದ ಸಮಯ ತಪ್ಪು ತೋರಿಸತ್ತೆ.

ನಮ್ಮ ಭಾಷೆಯ ಹಾಡು ಇಟ್ಕೊಳೋರಿಗೆ ಎರಡು ಮಾತು. ರಾಕ್‌ಬಾಕ್ಸಲ್ಲಿ ಕನ್ನಡ ಅಕ್ಷರದ ಟ್ಯಾಗ್ (ಫೈಲಿನ ಒಳಗೇ ಇರೋ ಹಾಡಿನ ಹೆಸರು, ಗಾಯಕರ ಹೆಸರು) ಹಾಕಿದ್ರೆ ಒತ್ತಕ್ಷರ, ಗುಣಿತ ಸರಿಯಾಗಿ ಕೂಡ್ಕೊಳಲ್ಲ, ಹಾಗಾಗಿ ಐಪಾಡಿಗೆ ಹಾಕೋ ಕಾಪಿಗಳಿಗೆ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಹೆಸರು ಕೊಡಿ, ಕಂಪ್ಯೂಟರಲ್ಲಿರೋ ಮೂಲ ಫೈಲುಗಳ ಕನ್ನಡ ಟ್ಯಾಗ್ ಹಾಗೇ ಇರಲಿ. ಆಮೇಲೆ ಯಕ್ಷಗಾನದ ಇಡೀ ರಾತ್ರಿ ರೆಕಾರ್ಡಿಂಗ್ ಥರದ ಉದ್ದನೆಯ ಫೈಲು. ಫ್ಯಾಟ್32 ಅಲ್ಲಿ ಒಂದು ಫೈಲು 4 ಜಿಬಿ ಮೀರೋ ಹಾಗಿಲ್ಲ, ಸಿಡಿ ಗುಣಮಟ್ಟದ ವೇವ್ ಅಂದ್ರೆ ಗಂಟೆಗೆ ಸುಮಾರು 600 ಎಂಬಿ, ಅಂದ್ರೆ ಏಳು ಗಂಟೆ ತುಂಬೋದ್ರೊಳಗೆ ಮಿತಿ ಮುಗೀತು. ಫ್ಲ್ಯಾಕ್ ಮಾಡಿ ಗಾತ್ರ ಇಳಿಸಿ, ಇಲ್ಲಾ ಪ್ರಸಂಗದ ಭಾಗ ನೋಡಿ ತುಂಡು ಮಾಡಿ. ರಾಕ್‌ಬಾಕ್ಸಲ್ಲಿ ಬುಕ್‌ಮಾರ್ಕ್ ಸೌಲಭ್ಯ ಇದೆ, ನಿಲ್ಲಿಸಿದಾಗೆಲ್ಲ ತಾನೇ ಗುರುತು ಇಟ್ಕೊಳೋ ಹಾಗೆ ಸೆಟ್ ಮಾಡಿ, ಬಸ್ಸಲ್ಲಿ ಅರ್ಧ ಕೇಳಿದ ತಾಳಮದ್ದಳೆ ಮಾರನೇ ದಿನ ಅದೇ ಅರ್ಥಗಾರಿಕೆಯ ಮಧ್ಯದಿಂದ ಮುಂದುವರಿಯತ್ತೆ.