ಜೇನುಹುಳದ ಹಂಗಿಲ್ಲದ ಜೇನು: ನಮ್ಮ ಅಡುಗೆಮನೆಯ ಅನುಭವ

ಶ್ರಾವಕರ, ಅಂದರೆ ಜೈನ ಗೃಹಸ್ಥರ, ಅಷ್ಟಮೂಲಗುಣಗಳೆಂಬ ಎಂಟು ಮೂಲ ನಿಯಮಗಳಲ್ಲಿ ಮದ್ಯ, ಮಾಂಸಗಳ ಜೊತೆಗೆ ಮಧುವಿನ, ಅಂದರೆ ಜೇನಿನ, ತ್ಯಾಗವೂ ಸೇರಿರುವುದರಿಂದ ಕಾರ್ಕಳದ ಸುತ್ತಮುತ್ತಲಿನ ನಮ್ಮಂಥ ಜೈನ ಮನೆಗಳ ಅಡುಗೆಮನೆಗೆ ಜೇನುತುಪ್ಪ ಬರುವುದಿಲ್ಲ. ಹಿಂದೆ ಇದರಿಂದ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ದೋಸೆಗೆ ಜೋನಿ ಬೆಲ್ಲ (ದ್ರವರೂಪದ ಬೆಲ್ಲ), ರಸಾಯನಕ್ಕೆ ಬೆಲ್ಲ ಮತ್ತು ತೆಂಗಿನ ಹಾಲು ಸಾಕಾಗುತ್ತಿದ್ದವು. ಆದರೆ ಈಗಿನ ಮಕ್ಕಳು ಓಟ್ಸ್‌ ಬಿಸ್ಕತ್ತು, ಹಣ್ಣಿನ ಸಲಾಡ್‌, ಲಿಂಬೆ ಚಹಾ ಎಂದೆಲ್ಲ ಮಾಡಲು ಹೊರಟಾಗ ಪ್ರತಿಯೊಂದರಲ್ಲೂ ‘ಎರಡು ಚಮಚ ಜೇನು’ ಎಂಬ ಸಾಲು ಅಡ್ಡ ಬರುತ್ತದೆ. ಬೆಂಗಳೂರಿನಲ್ಲಿರುವ ಮಗಳ ಗೆಳತಿಯರಲ್ಲಿ ಕೆಲವರು ಧರ್ಮದ ಕಾರಣಕ್ಕಲ್ಲದೆ ಪ್ರಾಣಿಜನ್ಯವಾದ ಯಾವುದನ್ನೂ ತಿನ್ನಬಾರದೆಂಬ ನಿಲುವಿನಿಂದ ಜೇನು ಬಿಟ್ಟವರು. ಅವರಿಗೂ ಬೇಕಾದದ್ದು ಇದೇ. ಈ ಕಾರಣಗಳಿಂದ ಕೆಲವು ವರ್ಷಗಳಿಂದ ನಾನು ಮನೆಯಲ್ಲೇ ಮಾಡಿಕೊಳ್ಳುತ್ತಿರುವ ಪಾಕದ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೇನಿಗೆ ಬದಲಿ ಮಾಡುವ ಮೊದಲು ಜೇನು ಎಂದರೇನು ಎಂಬುದನ್ನು ತಿಳಿದುಕೊಳ್ಳದಿದ್ದರೆ ನಾವು ಮಾಡುವುದು ಬರಿಯ ಸಕ್ಕರೆ ಪಾಕವಾಗಿಯೇ ಉಳಿಯುತ್ತದೆ. ಜೇನಿನಲ್ಲಿ ಸುಮಾರು ಶೇ. 38ರಷ್ಟು ಫ್ರಕ್ಟೋಸ್‌, ಶೇ. 31ರಷ್ಟು ಗ್ಲುಕೋಸ್‌, ಶೇ. 17ರ ಆಸುಪಾಸಿನಲ್ಲಿ ನೀರು ಇರುತ್ತವೆ. ನಾವು ಬಳಸುವ ಸಕ್ಕರೆ, ಅಂದರೆ ಸುಕ್ರೋಸ್‌, ಅದರಲ್ಲಿ ಇರುವುದು ಬಹಳ ಕಡಿಮೆ. ಹೂವಿನ ರಸದಲ್ಲಿರುವ ಸುಕ್ರೋಸನ್ನು ಹುಳ ತನ್ನ ಬಾಯಿಯ ಕಿಣ್ವದಿಂದ ಒಡೆದು ಫ್ರಕ್ಟೋಸ್‌ ಮತ್ತು ಗ್ಲುಕೋಸ್‌ಗಳಾಗಿ ಮಾಡುತ್ತದೆ, ಆಮೇಲೆ ರೆಕ್ಕೆ ಬೀಸಿ ನೀರನ್ನು ಆರಿಸುತ್ತದೆ. ಮೊದಲನೆಯ ಕೆಲಸವನ್ನು ಅಡುಗೆಮನೆಯಲ್ಲಿ ಹುಳಿ ಮತ್ತು ಬಿಸಿ ಎರಡೂ ಸೇರಿ ಮಾಡಿಕೊಡುತ್ತವೆ, ಎರಡನೆಯದನ್ನು ಒಲೆ ಮಾಡುತ್ತದೆ. ಬಾದೂಷಾಕ್ಕೋ ಜಿಲೇಬಿಗೋ ಪಾಕ ಇಡುವಾಗ ಅಡುಗೆ ಭಟ್ಟರು ನಾಲ್ಕು ಹನಿ ಲಿಂಬೆರಸ ಹಿಂಡುವುದನ್ನು ಎಲ್ಲರೂ ನೋಡಿರುತ್ತಾರೆ. ಹಾಗೆ ಹಿಂಡುವುದು ರುಚಿಗಾಗಿ ಅಲ್ಲ, ಪಾಕ ತಿರುಗಿ ಸಕ್ಕರೆಗಟ್ಟದಿರಲಿ ಎಂದು. ಆ ನಾಲ್ಕು ಹನಿಯ ಕೆಲಸವನ್ನೇ ಇನ್ನಷ್ಟು ಹುಳಿ ಮತ್ತು ಇನ್ನಷ್ಟು ಹೊತ್ತು ಕೊಟ್ಟು ಮುಂದುವರಿಸಿದರೆ ನಮ್ಮ ಜೇನಿನ ಬುನಾದಿ ಸಿದ್ಧವಾಗುತ್ತದೆ.

ಜೋನಿ ಬೆಲ್ಲವನ್ನೇ ಜೇನಿನ ಬದಲಿಗೆ ಬಳಸಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ತಿನ್ನಲು ಅದು ಯಾವ ಜೇನಿಗೂ ಕಡಿಮೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಕಬ್ಬಿನ ವಾಸನೆ ಮತ್ತು ಅದರೊಳಗಿನ ಸಣ್ಣ ಉಪ್ಪುಛಾಯೆ ಲಿಂಬೆ ಚಹಾದಲ್ಲಿಯಾಗಲಿ, ಹಣ್ಣಿನ ಹೋಳುಗಳ ಮೇಲಾಗಲಿ ಮುಂದೆ ಬಂದು ನಿಲ್ಲುತ್ತದೆ. ಇನ್ನೊಂದು ತೊಡಕೆಂದರೆ, ಆಲೆಮನೆಯಿಂದ ತಂದ ಜೋನಿ ಬೆಲ್ಲದ ಡಬ್ಬಿಯ ತಳದಲ್ಲಿ ಕೆಲವು ತಿಂಗಳಲ್ಲೇ ಕಾಳುಕಾಳಾಗಿ ಸಕ್ಕರೆ ಕೂರುತ್ತದೆ. ಕಬ್ಬಿನ ಹಾಲು ಕಾಯಿಸುವಾಗ ಸುಣ್ಣ ಹಾಕುವುದರಿಂದ ಹುಳಿ ತಗ್ಗಿ, ಸುಕ್ರೋಸ್‌ ಒಡೆಯದೆ ಹಾಗೆಯೇ ಉಳಿದಿರುವುದು ಇದಕ್ಕೆ ಕಾರಣ. ಹಾಗೆ ಕಾಳುಗಟ್ಟದಿರಲೆಂದು ಒಂದು ಕಿಲೋ ಜೋನಿ ಬೆಲ್ಲಕ್ಕೆ 400 ಮಿಲಿಗ್ರಾಮಿನಷ್ಟು ಸಿಟ್ರಿಕ್‌ ಆಸಿಡ್‌ ಸೇರಿಸುವ ಪದ್ಧತಿಯೂ ಉಂಟು. ತೆಂಗಿನ ಹೊಂಬಾಳೆಯ ರಸ ಮತ್ತೊಂದು ದಾರಿ. ಹುಳಿಯದ ಹಾಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದನ್ನು ಇಳಿಸುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿ ‘ಕಲ್ಪರಸ’ ಎಂದು ಹೆಸರಿಟ್ಟಿದೆ. ಮರ ಹತ್ತಿ ರಸ ಇಳಿಸಿ ಕೊಡುವವರು ಇಲ್ಲದ ನಮಗೆ ಅದು ಕೈಗೆಟಕುವ ವಸ್ತುವಲ್ಲ. ಆದ್ದರಿಂದ ನಾನು ಸಕ್ಕರೆ, ಸೇಬು ಮತ್ತು ಲಿಂಬೆಯನ್ನು ಆರಿಸಿಕೊಂಡೆ.

ಸೇಬು ಏಕೆಂದರೆ, ಅದರ ಸಿಹಿಯಲ್ಲಿ ಗ್ಲುಕೋಸಿಗಿಂತ ಫ್ರಕ್ಟೋಸಿನ ಪಾಲು ಹೆಚ್ಚು, ಜೇನಿನಲ್ಲಿಯೂ ಹಾಗೆಯೇ. ಅದರ ಸಿಪ್ಪೆಯಿಂದ ತಿಳಿಯಾದ ಹೊಂಬಣ್ಣವೂ ಬರುತ್ತದೆ. ಅರ್ಧ ಕಿಲೋ ಸೇಬನ್ನು ಬೀಜ ತೆಗೆದು, ಸಿಪ್ಪೆಸಹಿತ ಹೆಚ್ಚಿ, ಮುಕ್ಕಾಲು ಲೀಟರ್‌ ನೀರಿನಲ್ಲಿ ಇಪ್ಪತ್ತು ನಿಮಿಷ ಸಣ್ಣಗೆ ಕುದಿಸುತ್ತೇನೆ. ಕುಡಿಯುವ ನೀರು ಸೋಸಲೆಂದು ನಮ್ಮ ಮನೆಗಳಲ್ಲಿ ಇಮ್ಮಡಿ ಮಡಿಸಿದ ಬಟ್ಟೆ ಹೇಗೂ ಇರುತ್ತದೆ. ಅಂಥದೇ ಒಂದು ಶುಭ್ರವಾದ ಬಟ್ಟೆಯಲ್ಲಿ ಈ ಕಷಾಯವನ್ನು ಸುರಿದು ತನ್ನಷ್ಟಕ್ಕೆ ತೊಟ್ಟಿಕ್ಕಲು ಬಿಡಬೇಕು. ಬೇಗ ಮುಗಿಯಲೆಂದು ಹಿಂಡಬಾರದು. ಹಿಂಡಿದರೆ ಸೇಬಿನಲ್ಲಿರುವ, ರಸವನ್ನು ಗಟ್ಟಿಗಟ್ಟಿಸುವ ಪೆಕ್ಟಿನ್‌ ಇನ್ನಷ್ಟು ಇಳಿದು ಬರುತ್ತದೆ, ಮತ್ತು ಪೆಕ್ಟಿನ್‌, ಹುಳಿ, ಗಟ್ಟಿ ಸಕ್ಕರೆ ಮೂರೂ ಒಂದೆಡೆ ಸೇರಿದಲ್ಲಿ ಸಿದ್ಧವಾಗುವುದು ಜೆಲ್ಲಿಯೇ ಹೊರತು ಜೇನಲ್ಲ. ತೊಟ್ಟಿಕ್ಕಿದ ಕಷಾಯ ಅರ್ಧ ಲೀಟರ್‌ ಸಿಗುತ್ತದೆ; ಕಡಿಮೆಯಾದರೆ ನೀರು ಸೇರಿಸಿ ಆ ಅಳತೆಗೆ ತರುತ್ತೇನೆ. ಬಟ್ಟೆಯಲ್ಲಿ ಉಳಿದ ತಿರುಳಿಗೆ ಬೆಲ್ಲ, ಏಲಕ್ಕಿ ಸೇರಿಸಿ ಮಗುಚಿದರೆ ಒಂದು ಹೊತ್ತಿನ ಹಲ್ವ ಆಗುತ್ತದೆ. ಅನಾನಸನ್ನೂ ಬಳಸಿ ನೋಡಿದ್ದೇನೆ. ಅದರ ವಾಸನೆ ಎಷ್ಟು ಕಾಯಿಸಿದರೂ ಹೋಗುವುದಿಲ್ಲವಾದ್ದರಿಂದ ಅನಾನಸಿನ ಪಾಕವೆಂದೇ ಕರೆಯಬೇಕಾಗುತ್ತದೆ.

ಹುಳಿಗೆ ಲಿಂಬೆರಸವೇ ಆಗಬೇಕೆಂಬುದು ನಮ್ಮ ಮನೆಯ ಪಟ್ಟು. ಅಂಗಡಿಯಲ್ಲಿ ಸಿಗುವ ಸಿಟ್ರಿಕ್‌ ಆಸಿಡ್ಡನ್ನು ಕಾರ್ಖಾನೆಗಳಲ್ಲಿ ಆಸ್ಪರ್ಜಿಲಸ್‌ ನೈಜರ್‌ ಎಂಬ ಬೂಷ್ಟಿನ ನೆರವಿನಿಂದ ತಯಾರಿಸುತ್ತಾರೆ. ಬೂಷ್ಟು ಹಿಡಿದದ್ದನ್ನು ಮುಟ್ಟದ ಹಿರಿಯರಿರುವ ಮನೆಯಲ್ಲಿ ಅದನ್ನು ತಂದು ವಾದಕ್ಕೆ ಕೂರುವುದಕ್ಕಿಂತ ಲಿಂಬೆ ಹಿಂಡುವುದು ಸುಲಭ. ಅಂಥ ನಿರ್ಬಂಧವಿಲ್ಲದವರು ಒಂದು ಕಿಲೋ ಸಕ್ಕರೆಗೆ ಒಂದು ಗ್ರಾಂ ಸಿಟ್ರಿಕ್‌ ಆಸಿಡ್‌ ಹಾಕಬಹುದು. ಲಿಂಬೆರಸದಲ್ಲಿ ಅದೇ ಆಮ್ಲ ಸುಮಾರು ಶೇ. 5ರಷ್ಟು ಇರುವುದರಿಂದ, ಸೋಸಿದ ಲಿಂಬೆರಸ 30 ಮಿಲಿಲೀಟರ್‌, ಅಂದರೆ ಎರಡು ದೊಡ್ಡ ಚಮಚ, ಧಾರಾಳವಾಗಿ ಸಾಕು. ಪುನರ್ಪುಳಿಯೂ (ಕೋಕಂ) ಹುಳಿಯೇ ಆದರೂ ಪಾಕ ಕೆಂಪಗಾಗುತ್ತದೆ. ಶರಬತ್ತಿಗೆ ಅದು ಚೆಂದ, ಇಲ್ಲಿಗೆ ಬೇಡ.

ಪಾತ್ರೆ ದಪ್ಪ ತಳದ ಸ್ಟೀಲಿನದೇ ಇರಬೇಕು. ಅಲ್ಯೂಮಿನಿಯಂ ಆಗಲಿ, ಕಲಾಯಿ ಹೋದ ಹಿತ್ತಾಳೆಯಾಗಲಿ ಇಷ್ಟು ಹುಳಿಯನ್ನು ಇಷ್ಟು ಹೊತ್ತು ಕುದಿಸಲು ತಕ್ಕುದಲ್ಲ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೆ ಒಂದು ಕಿಲೋ ಸಕ್ಕರೆ ಮತ್ತು ಅರ್ಧ ಲೀಟರ್‌ ಸೇಬಿನ ಕಷಾಯ ಹಾಕಿ, ಸಕ್ಕರೆ ಪೂರ್ತಿ ಕರಗುವವರೆಗೆ ಮಾತ್ರ ಸೌಟಿನಿಂದ ಆಡಿಸುತ್ತೇನೆ. ಕುದಿ ಬಂದೊಡನೆ ಮೇಲೆ ಬರುವ ಬಿಳಿ ನೊರೆಯನ್ನು ತೆಗೆದು, ಲಿಂಬೆರಸ ಸೇರಿಸಿ, ಉರಿಯನ್ನು ಬಹಳ ಸಣ್ಣಗೆ ಮಾಡಿ ಐದು ನಿಮಿಷ ಮುಚ್ಚಳ ಮುಚ್ಚಿಡುತ್ತೇನೆ. ಮುಚ್ಚಳದಿಂದ ಇಳಿಯುವ ಹಬೆಯ ನೀರು ಪಾತ್ರೆಯ ಒಳಗೋಡೆಗೆ ಅಂಟಿದ ಸಕ್ಕರೆ ಹರಳುಗಳನ್ನು ತೊಳೆದು ಕೆಳಗಿಳಿಸುತ್ತದೆ. ಅಲ್ಲಿಂದ ಮುಂದೆ ಸೌಟು ಹಾಕುವಂತಿಲ್ಲ. ಅಂಚಿನಲ್ಲಿ ಉಳಿದ ಒಂದೇ ಒಂದು ಹರಳು ಪಾಕದೊಳಗೆ ಬಿದ್ದರೂ ಅದರ ಸುತ್ತ ಉಳಿದದ್ದೆಲ್ಲ ಕಾಳುಗಟ್ಟಲು ತೊಡಗುತ್ತದೆ.

ಅನಂತರ ಮುಚ್ಚಳವನ್ನು ಓರೆಯಾಗಿಟ್ಟು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ, ಗುಳ್ಳೆಗಳು ಎದ್ದೂ ಏಳದಂತಿರುವ ಉರಿಯಲ್ಲಿ ಬಿಡಬೇಕು. ಈ ಹೊತ್ತೇ ಇಡೀ ಕೆಲಸದ ಜೀವಾಳ. ಉರಿ ಜೋರು ಮಾಡಿ ಕಾಲು ಗಂಟೆಯಲ್ಲಿ ಗಟ್ಟಿ ಮಾಡಿದರೆ ನೀರೇನೋ ಹೋಗುತ್ತದೆ, ಆದರೆ ಸುಕ್ರೋಸ್‌ ಒಡೆಯಲು ಸಮಯ ಸಿಕ್ಕಿರುವುದಿಲ್ಲ. ಬಾಟಲಿಯಲ್ಲಿ ಎರಡು ವಾರ ಚೆನ್ನಾಗಿದ್ದು ಆಮೇಲೆ ಕಲ್ಲುಸಕ್ಕರೆಯಾಗುವ ಪಾಕಗಳೆಲ್ಲ ಹೀಗೆ ಅವಸರದಲ್ಲಿ ಇಳಿಸಿದವು. ಮೊದಲ ಅರ್ಧ ಗಂಟೆ ಪಾಕ ನೀರುನೀರಾಗಿ ತಿಳಿಹಳದಿಯಾಗಿರುತ್ತದೆ. ಆಮೇಲೆ ಗುಳ್ಳೆಗಳು ಸಣ್ಣದಾಗುತ್ತ, ಒಂದಕ್ಕೊಂದು ಒತ್ತಿಕೊಂಡು ನಿಧಾನವಾಗಿ ಒಡೆಯುತ್ತವೆ, ಬಣ್ಣ ಚಿನ್ನದಿಂದ ಜೇನಿನತ್ತ ತಿರುಗುತ್ತದೆ, ಸೇಬಿನ ಹಸಿ ವಾಸನೆ ಹೋಗಿ ಬೇಯಿಸಿದ ಹಣ್ಣಿನ ಪರಿಮಳ ಬರುತ್ತದೆ. ಹೊಗೆವಾಸನೆಯ ಸುಳಿವು ಸಿಕ್ಕಿತೆಂದರೆ ಉರಿ ಹೆಚ್ಚಾಗಿದೆ ಎಂದರ್ಥ.

ಯಾವಾಗ ಇಳಿಸಬೇಕು ಎಂಬುದಕ್ಕೆ ನಮ್ಮ ಅಜ್ಜಿಯರ ಎಳೆಪಾಕದ ಲೆಕ್ಕ ಇಲ್ಲಿ ಪೂರ್ತಿ ಒದಗುವುದಿಲ್ಲ, ಏಕೆಂದರೆ ಹುಳಿ ಹಾಕಿದ ಪಾಕದಲ್ಲಿ ಎಳೆ ಸರಿಯಾಗಿ ಬರುವುದಿಲ್ಲ. ನಾನು ನಂಬುವುದು ತಕ್ಕಡಿಯನ್ನು. ಪಾತ್ರೆಯ ತೂಕ ಕಳೆದು ಪಾಕ 1.3 ಕಿಲೋಗಿಂತ ತುಸು ಕೆಳಗೆ, 1.25 ಕಿಲೋಗಿಂತ ಮೇಲೆ ಇದ್ದರೆ ಅದರಲ್ಲಿ ಉಳಿದ ನೀರು ಸುಮಾರಾಗಿ ಜೇನಿನಲ್ಲಿರುವಷ್ಟೇ. ಆಹಾರ ಸುರಕ್ಷತಾ ಪ್ರಾಧಿಕಾರವು ಜೇನಿನಲ್ಲಿ ಶೇ. 20ಕ್ಕಿಂತ ಹೆಚ್ಚು ನೀರು ಇರಬಾರದೆಂದು ಹೇಳುವುದು ಸುಮ್ಮನಲ್ಲ. ಅದಕ್ಕಿಂತ ನೀರಾದರೆ ಯೀಸ್ಟ್‌ ಬೆಳೆದು ಹುದುಗು ಬರುತ್ತದೆ. ಹುದುಗು ಬಂದ ಪಾಕದಲ್ಲಿ ಮದ್ಯಸಾರ ಇರುತ್ತದೆ. ಮಧುವನ್ನು ತ್ಯಜಿಸಹೋಗಿ ಮದ್ಯವನ್ನು ಬಾಟಲಿಯಲ್ಲಿ ತುಂಬಿಡುವಂತಾಗಬಾರದಲ್ಲ!

ಥರ್ಮಾಮೀಟರ್‌ ಇರುವವರು ಅದನ್ನೂ ಬಳಸಬಹುದು, ಆದರೆ ಊರಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಕರಾವಳಿಯಲ್ಲಿ ನೀರು ಕುದಿಯುವುದು 100 ಡಿಗ್ರಿಯ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ. ಮೊದಲು ಬರಿಯ ನೀರನ್ನು ಕುದಿಸಿ ಓದಿಕೊಂಡು, ಅದಕ್ಕಿಂತ 13 ಡಿಗ್ರಿ ಹೆಚ್ಚು ಬಂದಾಗ ಒಲೆ ಆರಿಸಿದರೆ ಎಲ್ಲಿಯಾದರೂ ಒಂದೇ ಹದ ಸಿಗುತ್ತದೆ. ಇಲ್ಲಿ ನಾನು 113ಕ್ಕೆ ಇಳಿಸುವುದನ್ನು ಮಗಳು ಅಲ್ಲಿ 110ಕ್ಕೆ ಇಳಿಸುತ್ತಾಳೆ. ಬಿಸಿಯಲ್ಲಿ ಪಾಕ ತೆಳುವಾಗಿಯೇ ಕಾಣುತ್ತದೆ; ‘ಇನ್ನೂ ನೀರಾಗಿದೆಯಲ್ಲಮ್ಮ’ ಎಂದು ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ, ತಣಿಯುವವರೆಗೆ ಕಾಯಲು ಹೇಳುವುದೇ ನನ್ನ ಉತ್ತರ.

ಇಷ್ಟಾದರೆ ಸಿಹಿ ಮತ್ತು ಹದ ಕೂಡಿದವು. ಜೇನಿನ ರುಚಿಯನ್ನು ಆಯುರ್ವೇದದವರು ಮಧುರ ಎಂದ ಮೇಲೆ ಅದರ ಹಿಂದೆ ಕಷಾಯರಸ, ಅಂದರೆ ಒಗರು, ಇದೆ ಎನ್ನುತ್ತಾರೆ. ಈ ಒಗರು ಇಲ್ಲದ ಪಾಕ ನಾಲಿಗೆಗೆ ಬೋಳಾಗಿ ತೋರುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಒಲೆ ಆರಿಸಿದ ಕೂಡಲೇ ಅರ್ಧ ಚಿಕ್ಕ ಚಮಚ ಚಹಾ ಎಲೆಯನ್ನೂ ಬೆರಳಗಲದ ಕಿತ್ತಳೆ ಸಿಪ್ಪೆಯನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಪಾಕದಲ್ಲಿ ಮೂರು ನಿಮಿಷ ಮುಳುಗಿಸಿ ತೆಗೆಯುವುದು. ಸಿಪ್ಪೆಯ ಒಳಗಿನ ಬಿಳಿ ಭಾಗ ಕಹಿಯಾದ್ದರಿಂದ ಅದನ್ನು ಕೆರೆದಿರಬೇಕು. ಹುರಿದ ಮೆಂತೆಯ ನಾಲ್ಕು ಕಾಳು ಹಾಕಿದರೆ ಕಾಡುಜೇನನ್ನು ನೆನಪಿಸುವ ಗಾಢವಾದ ಪರಿಮಳ ಬರುತ್ತದೆ ಎಂದು ಜೇನು ತಿನ್ನುವ ನೆರೆಯವರೇ ಹೇಳಿದ್ದಾರೆ. ನಾಲ್ಕಕ್ಕಿಂತ ಹೆಚ್ಚಾದರೆ ಬಾಣಂತಿಯ ಲೇಹದ ವಾಸನೆಯಾಗುತ್ತದೆ. ಹೂವುಗಳನ್ನು ಹಾಕಿ ಕುದಿಸುವವರೂ ಇದ್ದಾರೆ. ಹೂವಿನೊಳಗಿನ ಸೂಕ್ಷ್ಮಜೀವಿಗಳ ಹಿಂಸೆಯಾಗುತ್ತದೆಂದು ನಮ್ಮಲ್ಲಿ ಹೂವು ತಿನ್ನುವುದನ್ನು ಬಿಟ್ಟವರಿರುವುದರಿಂದ ನಾನು ಆ ದಾರಿಗೆ ಹೋಗಿಲ್ಲ.

ಪಾಕ ಕೈ ಸುಡದಷ್ಟು ತಣಿದ ಮೇಲೆ, ಬಿಸಿಲಿನಲ್ಲಿ ಪೂರ್ತಿ ಒಣಗಿದ ಗಾಜಿನ ಬಾಟಲಿಗಳಿಗೆ ತುಂಬುತ್ತೇನೆ. ದೊಡ್ಡದೊಂದರ ಬದಲು ಸಣ್ಣ ಬಾಟಲಿಗಳು ಒಳ್ಳೆಯವು. ನಮ್ಮ ಜೂನ್‌-ಜುಲೈ ಮಳೆಯಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ. ಪದೇ ಪದೇ ತೆರೆದ ಬಾಟಲಿಯ ಪಾಕ ಆ ತೇವವನ್ನು ಹೀರಿಕೊಂಡು ಮೇಲ್ಪದರದಲ್ಲಿ ತೆಳುವಾಗುತ್ತದೆ, ಹುದುಗು ಮೊದಲು ಹುಟ್ಟುವುದೂ ಅಲ್ಲಿಯೇ. ಆದ್ದರಿಂದ ಮಳೆಗಾಲದಲ್ಲಿ ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡುತ್ತೇನೆ, ಒದ್ದೆ ಚಮಚವನ್ನು ಯಾರೂ ಹಾಕದಂತೆ ನೋಡಿಕೊಳ್ಳುತ್ತೇನೆ. ನೊರೆ ಅಥವಾ ಹುಳಿವಾಸನೆ ಕಂಡರೆ ಮತ್ತೆ ಕಾಯಿಸಿ ಉಳಿಸಿಕೊಳ್ಳುವ ಆಸೆ ಬೇಡ.

ಬಳಕೆಯ ವಿಷಯದಲ್ಲಿ, ಅಡುಗೆಯಲ್ಲಿ ಜೇನು ಹೇಳಿದಲ್ಲೆಲ್ಲ ಇದನ್ನು ಅದೇ ಅಳತೆಯಲ್ಲಿ ಹಾಕಬಹುದು. ಬಿಸ್ಕತ್ತು, ಕೇಕುಗಳು ಇದರಿಂದ ಬೇಗ ಕೆಂಪಾಗುತ್ತವೆ ಮತ್ತು ಹೆಚ್ಚು ಕಾಲ ಮೆತ್ತಗಿರುತ್ತವೆ. ಎರಡೂ ಒಡೆದ ಸಕ್ಕರೆಯ ಗುಣಗಳು. ಜೇನನ್ನು ಬಿಸಿ ಮಾಡಬಾರದೆಂಬ ಆಯುರ್ವೇದದ ನಿಷೇಧ ಇದಕ್ಕೆ ಅನ್ವಯಿಸದ ಕಾರಣ ಬಿಸಿ ಚಹಾಕ್ಕೂ ಧೈರ್ಯವಾಗಿ ಸುರಿಯಬಹುದು. ಆದರೆ ಔಷಧಕ್ಕೆ ಅನುಪಾನವಾಗಿ, ಅಂದರೆ ಜೊತೆಗೆ ಸೇವಿಸಲು, ವೈದ್ಯರು ಜೇನು ಹೇಳಿದ್ದರೆ ನಾವಾಗಿಯೇ ಅದರ ಬದಲಿಗೆ ಇದನ್ನು ಬಳಸದೆ, ಜೇನು ತಿನ್ನುವುದಿಲ್ಲವೆಂದು ಅವರಿಗೇ ತಿಳಿಸಬೇಕು. ಜೇನಿನಲ್ಲಿರುವ ಕಿಣ್ವದಿಂದ ಹೈಡ್ರೋಜನ್‌ ಪೆರಾಕ್ಸೈಡ್‌ ಹುಟ್ಟುವುದು ಗಾಯಕ್ಕೆ ಜೇನು ಹಚ್ಚುವ ರೂಢಿಯ ಹಿಂದಿರುವ ಒಂದು ಕಾರಣ. ನಮ್ಮ ಪಾಕದಲ್ಲಿ ಅಂಥ ಕಿಣ್ವ ಯಾವುದೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಇದು ಸಕ್ಕರೆಯೇ. ಸಸ್ಯಮೂಲದ್ದು ಎಂಬ ಮಾತಿನಿಂದ ಆರೋಗ್ಯಕ್ಕೆ ಒಳ್ಳೆಯದೆಂಬ ಭಾವನೆ ಮೂಡುವುದನ್ನು ನಾನು ಕಂಡಿದ್ದೇನೆ, ಹಾಗೆ ತಿಳಿಯಲು ಆಧಾರವೇನೂ ಇಲ್ಲ.

ಇನ್ನೊಂದು ಎಚ್ಚರವನ್ನು ಹೇಳಲೇಬೇಕು. ಹೀಗೆ ಒಡೆದ ಸಕ್ಕರೆಯ ಪಾಕವನ್ನೇ ಜೇನಿಗೆ ಬೆರೆಸಿ ಮಾರುವ ದಂಧೆ ಹಳೆಯದು. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನಡೆಸಿದ ತನಿಖೆಯಿಂದ ಆ ವಿಷಯ ದೇಶದಲ್ಲೆಲ್ಲ ಚರ್ಚೆಯಾಯಿತು. ಆದ್ದರಿಂದ ಬಂಧುಗಳಿಗೆ ಕೊಡುವ ಬಾಟಲಿಯ ಮೇಲೆ ನಾನು ‘ಸೇಬು-ಲಿಂಬೆ ಪಾಕ’ ಎಂದೇ ಬರೆದು, ಕೆಳಗೆ ಮಾಡಿದ ದಿನಾಂಕ ಹಾಕುತ್ತೇನೆ. ವ್ರತವಿರುವವರು ಅನುಮಾನವಿಲ್ಲದೆ ತಿನ್ನುವುದಕ್ಕೂ ಜೇನು ಬೇಕಾದವರು ಬೇರೆ ಕಡೆ ಕೊಳ್ಳುವುದಕ್ಕೂ ಅದರಿಂದ ಅನುಕೂಲವಾಗಿದೆ.