ಮಗಳ ಲಿವರ್ ನಮಗೆ ಅರ್ಥವಾದ ಬಗೆ

ಮಗಳಿಗೆ ಗ್ಲೈಕೋಜೆನ್ ಸ್ಟೋರೇಜ್ ಡಿಸೀಸ್ ಇದೆ, ಟೈಪ್ 1ಎ. ಲಿವರ್ ಕೂಡಿಟ್ಟ ಗ್ಲೂಕೋಸ್ ರಕ್ತಕ್ಕೆ ಬಾರದೆ, ಹಸಿದಾಗ ಶುಗರ್ ಇಳಿದುಬಿಡುವ ಕಾಯಿಲೆ. ಲಕ್ಷಕ್ಕೆ ಒಬ್ಬರಿಗೆ ಬರುವಂಥದ್ದು. ಮುಂಬೈಯಲ್ಲಿ ಜೀನ್ ಟೆಸ್ಟ್ ವರದಿ ಕೈಗೆ ಬಂದಾಗ ನಾನು ಕೇಳಿದ ಮೊದಲ ಮಾತು, "ಶುಗರ್ ಇಳಿಯುತ್ತೆ ಅಂದ್ರೆ ಸಕ್ಕರೆ ತಿನ್ನಿಸಿದರೆ ಆಯ್ತಲ್ವಾ ಡಾಕ್ಟ್ರೇ?" ಅದನ್ನೇ ಕೊಡಬಾರದು ಎಂದರು.

ಯಾಕೆ ಅಂತ ತಿಳಿಯಲು ಸಮಯ ಹಿಡಿಯಿತು. ಉಂಡ ಅನ್ನದಿಂದ ಬಂದ ಗ್ಲೂಕೋಸನ್ನು ಲಿವರ್ ಗ್ಲೈಕೋಜೆನ್ ಮಾಡಿ ಇಟ್ಟುಕೊಳ್ಳುತ್ತದೆ. ಹಸಿದಾಗ ಅದನ್ನು ಒಡೆದು ರಕ್ತಕ್ಕೆ ಬಿಡುತ್ತದೆ. ಬಿಡುವ ಕೊನೆಯ ಹಂತಕ್ಕೆ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವ ಬೇಕು. ಮಗಳಲ್ಲಿ ಅದೇ ಕೆಲಸ ಮಾಡುವುದಿಲ್ಲ. ಗೋದಾಮು ತುಂಬಿದೆ, ಬಾಗಿಲಿನ ಕೀಲಿ ಇಲ್ಲ. ಲಿವರ್ ಊದಿ ಹೊಟ್ಟೆ ಮುಂದೆ ಬಂದಿತ್ತು, ಕೆನ್ನೆ ಗುಂಡಗಿತ್ತು. ಬಂದವರೆಲ್ಲ "ಕೂಸು ಎಷ್ಟು ದುಂಡಗಿದೆ" ಎಂದು ದೃಷ್ಟಿ ತೆಗೆಯಿರಿ ಅನ್ನುತ್ತಿದ್ದರು.

ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್. ಹಾಲಿನ ಸಕ್ಕರೆಯಲ್ಲಿ ಅರ್ಧ ಗ್ಯಾಲಕ್ಟೋಸ್. ಇವು ಲಿವರಿನಲ್ಲಿ ಗ್ಲೂಕೋಸ್ ಆಗಲು ಹೋಗಿ ಅದೇ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಲ್ಯಾಕ್ಟಿಕ್ ಆಸಿಡ್, ಯೂರಿಕ್ ಆಸಿಡ್, ಕೊಬ್ಬು ಎಲ್ಲ ಏರುತ್ತದೆ. ಹಾಗಾಗಿ ಸಕ್ಕರೆ, ಬೆಲ್ಲ, ಜೇನು ಬಂದ್. ಹಣ್ಣು, ಹಾಲಿಗೂ ಕಡಿವಾಣ. ಅನ್ನ, ರೊಟ್ಟಿ, ಬೇಳೆಗೆ ತಕರಾರಿಲ್ಲ. ಇದು ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಗಣಪತಿ ಹಬ್ಬದಲ್ಲಿ ಕಷ್ಟ. ಮೋದಕ ಹಿಡಿದು "ದೇವರ ಪ್ರಸಾದ, ಚೂರು ತಿನ್ನಲಿ ಬಿಡಿ" ಅನ್ನುತ್ತಾರೆ. ವಾದ ಮಾಡುವುದಿಲ್ಲ. ಅವಳ ಪಾಲನ್ನೂ ನಾನೇ ಕಣ್ಣಿಗೊತ್ತಿಕೊಂಡು ತಿನ್ನುತ್ತೇನೆ.

ಅವಳ ದಿನ ನಡೆಯುವುದು ಹಸಿ ಕಾರ್ನ್ ಫ್ಲೋರಿನ ಮೇಲೆ. 1984ರಲ್ಲಿ ಅಮೆರಿಕದ ವೈದ್ಯರು ಇದರ ಬಗ್ಗೆ ಬರೆದರು. ಹಸಿ ಪಿಷ್ಟ ಕರುಳಲ್ಲಿ ನಿಧಾನವಾಗಿ ಕರಗಿ ಗಂಟೆಗಟ್ಟಲೆ ಗ್ಲೂಕೋಸ್ ಕೊಡುತ್ತದೆ. ಗೋಬಿ ಮಂಚೂರಿಗೆ ಹಾಕುವ ಬಿಳಿ ಪುಡಿಯೇ ಇದು. ಹಳದಿ ಮೆಕ್ಕೆಜೋಳದ ಹಿಟ್ಟು ಆಗುವುದಿಲ್ಲ, ಕಸ್ಟರ್ಡ್ ಪೌಡರೂ ಆಗುವುದಿಲ್ಲ. ಶುರುವಿಗೆ ಕಿಲೋ ತೂಕಕ್ಕೆ 1.6 ಗ್ರಾಂ, ನಾಲ್ಕು ಗಂಟೆಗೊಮ್ಮೆ ಎಂದರು. ಇದು ಮಗುವಿನಿಂದ ಮಗುವಿಗೆ ಬದಲಾಗುತ್ತದೆ, ವೈದ್ಯರೇ ಹೇಳಬೇಕು. ಚಮಚದ ಲೆಕ್ಕ ಬೇಡ, ಡಿಜಿಟಲ್ ತಕ್ಕಡಿ ತನ್ನಿ. ತಣ್ಣೀರಲ್ಲೇ ಕಲಸಬೇಕು. ಬಿಸಿ ತಾಕಿದರೆ ಪಿಷ್ಟ ಬೇಗ ಕರಗಿ ಶುಗರ್ ಏರಿ ಬಿದ್ದುಬಿಡುತ್ತದೆ. ನಿಂಬೆರಸವೂ ಬೇಡ. ಕುಡಿದ ಮೇಲೆ ಲೋಟದ ತಳ ನೋಡಿ, ಪುಡಿ ಸಿಮೆಂಟಿನ ಥರ ಗಟ್ಟಿಯಾಗಿ ಕೂತಿರುತ್ತದೆ. ಇನ್ನೊಂದು ಗುಟುಕು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿಸಬೇಕು.

ರಾತ್ರಿಗೆ ನನ್ನ ಫೋನಲ್ಲೂ ಯಜಮಾನರ ಫೋನಲ್ಲೂ ಅಲಾರಂ ಇರುತ್ತದೆ. ಮಳೆಗಾಲದಲ್ಲಿ ಲೋಕಲ್ ರೈಲು ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಅದಕ್ಕೆ ತೂಗಿಟ್ಟ ಪೊಟ್ಟಣ, ನೀರು, ಗ್ಲೂಕೋಸ್ ಪುಡಿ, ಗ್ಲೂಕೋಮೀಟರ್ ಯಾವಾಗಲೂ ಬ್ಯಾಗಲ್ಲೇ. ವಾಂತಿ ಶುರುವಾದರೆ ಕಾಯುವುದಿಲ್ಲ, ಡ್ರಿಪ್ ಹಾಕಿಸಲು ಓಡುತ್ತೇವೆ. ಈ ಕಾಯಿಲೆಯ ಹೆಸರೇ ಕೇಳದ ಡ್ಯೂಟಿ ಡಾಕ್ಟರಿಗೆ ತೋರಿಸಲು ನಮ್ಮ ವೈದ್ಯರ ಪತ್ರ ಜೊತೆಗಿರುತ್ತದೆ. ಅದೊಂದು ಕಾಗದ ಬಹಳ ಮಾತು ಉಳಿಸುತ್ತದೆ.

ನಾನು ಮದುವೆಯಾದದ್ದು ಸೋದರತ್ತೆ ಮಗನನ್ನು. ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದೆ, ನಮಗೇನೂ ಆಗಿಲ್ಲ. ಪ್ರತಿ ಬಸಿರಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. "ನಮ್ಮ ಮನೆತನದಲ್ಲಿ ಯಾರಿಗೂ ಇಲ್ವಲ್ಲೇ" ಎನ್ನುತ್ತಿದ್ದ ಅತ್ತೆಗೆ ಜೆನೆಟಿಕ್ ಕೌನ್ಸೆಲರ್ ವಂಶವೃಕ್ಷ ಬರೆದು ತೋರಿಸಿದರು. ಈಗ ನಾದಿನಿಗೆ ನನ್ನ ತಮ್ಮನನ್ನೇ ತರುವ ಮಾತು ನಡೆದಿದೆ. ಅದಕ್ಕೂ ಮೊದಲು ಇಬ್ಬರ ಟೆಸ್ಟ್ ಆಗಲಿ ಅಂದೆ. ಅತ್ತೆ ಒಪ್ಪಿದ್ದಾರೆ, ಮಾವನಿಗೆ ಹೇಳುವುದು ಬಾಕಿ.