ಗೋದಾಮಿನ ರೋಬೋಟ್ ಪದೇ ಪದೇ ದಾರಿ ಬದಲಿಸುವುದನ್ನು ನಿಲ್ಲಿಸಿದ ಬಗೆ: ನನ್ನ ಅನುಭವ

ಸೆಕೆಂಡಿಗೊಮ್ಮೆ ದಾರಿಯನ್ನು ಹೊಸದಾಗಿ ಲೆಕ್ಕ ಹಾಕದ (ಮರುಯೋಜನೆ ಮಾಡದ) ರೋಬೋಟ್ ಯಾರಿಗಾದರೂ ಗುದ್ದಿಯೇ ತೀರುತ್ತದೆ ಎಂದು ಇದೇ ಕೆಲಸದಲ್ಲಿರುವ ಬೆಂಗಳೂರಿನ ಗೆಳೆಯರು ಹೇಳಿದ್ದರು. ದಾವಣಗೆರೆಯ ಮೆಕ್ಕೆಜೋಳದ ಗೋದಾಮೊಂದರಲ್ಲಿ ಕಳೆದ ಸುಗ್ಗಿಯುದ್ದಕ್ಕೂ ಮೂರು ಚೀಲ ಹೊತ್ತು ಓಡಾಡಿದ ನಮ್ಮ ಗಾಡಿ ಈಗ ಗಂಟೆಗೆ ಹತ್ತು-ಹನ್ನೆರಡು ಸಲಕ್ಕಿಂತ ಹೆಚ್ಚು ದಾರಿ ಬದಲಿಸುವುದಿಲ್ಲ, ಯಾರಿಗೂ ಗುದ್ದಿಲ್ಲ. ಗುದ್ದದಂತೆ ತಡೆಯುವುದು ಲೋಕಲ್ ಕಾಸ್ಟ್‌ಮ್ಯಾಪ್ (ಗಾಡಿಯ ಸುತ್ತಲಿನ ಅಡ್ಡಿಗಳ ನಕ್ಷೆ), ಕಂಟ್ರೋಲರ್ (ಚಕ್ರ ನಡೆಸುವ ಭಾಗ) ಮತ್ತು ಕೊಲಿಷನ್ ಮಾನಿಟರ್‌ಗಳ (ತೀರ ಹತ್ತಿರದ ಅಡ್ಡಿ ಕಂಡರೆ ಗಾಡಿಯನ್ನು ತಡೆಯುವ ಕಾವಲು) ಕೆಲಸವೇ ಹೊರತು, ಇಡೀ ದಾರಿಯನ್ನು ಲೆಕ್ಕ ಹಾಕುವ ಗ್ಲೋಬಲ್ ಪ್ಲಾನರ್‌ನದಲ್ಲ ಎಂದು ಅವರಿಗೆ ಬಾಯಲ್ಲಿ ಹೇಳಿ ಒಪ್ಪಿಸಲಾಗಿರಲಿಲ್ಲ.

ಗಾಡಿಗೆ ಒಟ್ಟು ಮೂರು ಲಕ್ಷದ ಆಸುಪಾಸು ಖರ್ಚಾಯಿತು. ಚಾಸಿಯನ್ನು ಹರಿಹರದ ಲೇತ್ ವರ್ಕ್‌ಶಾಪಿನಲ್ಲಿ ಮಾಡಿಸಿದ್ದರಿಂದ ಅದು 40 ಸಾವಿರದೊಳಗೆ ಮುಗಿಯಿತು. ಲೇಸರ್‌ನಿಂದ ಸುತ್ತಲಿನ ದೂರ ಅಳೆಯುವ ಲಿಡಾರ್ ಒಂದೇ 35 ಸಾವಿರ ನುಂಗಿತು. ಸಾಫ್ಟ್‌ವೇರ್ ರಾಸ್-2 ಎಂಬ ರೋಬೋಟ್ ತಂತ್ರಾಂಶದ, ದಾರಿ ಹುಡುಕಿ ನಡೆಸುವ ಭಾಗವಾದ ನ್ಯಾವ್-2.

ತೊಂದರೆ ಶುರುವಾದದ್ದು ಗೋದಾಮಿನ ನಡುವೆ ಚೀಲಗಳ ದೊಡ್ಡ ಅಟ್ಟಿ ಬಿದ್ದ ಮೇಲೆ. ಎಡದ ಓಣಿಯಲ್ಲಿ ಹೋದರೂ ಬಲದ ಓಣಿಯಲ್ಲಿ ಹೋದರೂ ದೂರ ಹೆಚ್ಚುಕಡಿಮೆ ಒಂದೇ, ಮೀಟರಿನಷ್ಟು ವ್ಯತ್ಯಾಸ. ನ್ಯಾವ್-2ರ ಮೂಲ ಬಿಹೇವಿಯರ್ ಟ್ರೀಯಲ್ಲಿ (ಯಾವಾಗ ಏನು ಮಾಡಬೇಕೆಂದು ಹೇಳುವ ನಿಯಮಗಳ ಮರ) ರೇಟ್ ಕಂಟ್ರೋಲರ್ 1 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೊಂದು ಮರುಯೋಜನೆಗೆ, ಇರುವುದರಿಂದ, ಹಮಾಲರೊಬ್ಬರು ಎಡದ ಓಣಿಗೆ ಕಾಲಿಟ್ಟೊಡನೆ ದಾರಿ ಬಲಕ್ಕೆ ಜಿಗಿಯುತ್ತಿತ್ತು, ಅವರು ಹೊರಬಂದೊಡನೆ ಎಡಕ್ಕೆ ಮರಳುತ್ತಿತ್ತು. ಒಂದೂವರೆ ಕ್ವಿಂಟಾಲ್ ಹೊತ್ತ ಗಾಡಿ ನಿಂತಲ್ಲೇ ಹೊರಳಿ ಹೊರಳಿ ಮೋಟಾರು ಕೈ ಇಡಲಾಗದಷ್ಟು ಕಾಯುತ್ತಿತ್ತು, 40 ಮೀಟರಿನ ಓಟಕ್ಕೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ. ಒಂದು ಮೋಟಾರ್ ಡ್ರೈವರ್ ಸುಟ್ಟು 11 ಸಾವಿರ ಹೋದಾಗ, ಇದಕ್ಕಿಂತ ಕೈಗಾಡಿಯೇ ವಾಸಿ ಎಂದು ಸಾಹುಕಾರರು ಎಲ್ಲರೆದುರಿಗೇ ಹೇಳಿದರು.

ಮೊದಲು ರೇಟನ್ನು 0.1 ಹರ್ಟ್ಸ್‌ಗೆ ಇಳಿಸಿದಾಗ ಹೊರಳಾಟ ನಿಂತಿತು, ಆದರೆ ಓಣಿಗೆ ನಿಜವಾಗಿಯೂ ಚೀಲ ಅಡ್ಡಬಿದ್ದಾಗ ಗಾಡಿ ಹತ್ತು ಸೆಕೆಂಡು ಅದರ ಮುಂದೆ ಸುಮ್ಮನೆ ನಿಲ್ಲುತ್ತಿತ್ತು. ಅಷ್ಟರಲ್ಲಿ ಗಾಡಿ ಮುಂದೆ ಸಾಗುತ್ತಿದೆಯೇ ಎಂದು ನೋಡುವ ಪ್ರೋಗ್ರೆಸ್ ಚೆಕರ್‌ನ 10 ಸೆಕೆಂಡಿನ ಗಡುವೂ ಮುಗಿದು, ರಿಕವರಿಯ (ಸಿಕ್ಕಿಬಿದ್ದಾಗ ಬಿಡಿಸಿಕೊಳ್ಳುವ) ಹೆಸರಿನಲ್ಲಿ ಸ್ಪಿನ್, ಅಂದರೆ ನಿಂತಲ್ಲೇ ಸುತ್ತುವುದು, ಶುರುವಾಗಿ, ಹಿಂಬದಿ ಅಟ್ಟಿಗೆ ಉಜ್ಜುತ್ತಿತ್ತು. ರೇಟ್ ಕಂಟ್ರೋಲರ್ ಬದಲು ಹಾಕಿ ನೋಡಿದ ಡಿಸ್ಟನ್ಸ್ ಕಂಟ್ರೋಲರ್ ಇನ್ನೂ ವಿಚಿತ್ರ: ಇಷ್ಟು ದೂರ ಚಲಿಸಿದ ಮೇಲೆ ಮರುಯೋಜನೆ ಎಂಬುದು ಅದರ ನಿಯಮ, ಅಡ್ಡಿಯ ಮುಂದೆ ನಿಂತ ಗಾಡಿ ಚಲಿಸುವುದೇ ಇಲ್ಲವಾದ್ದರಿಂದ ಹೊಸ ದಾರಿಯೂ ಹುಟ್ಟುವುದಿಲ್ಲ. ವೇಗ ಹೆಚ್ಚಿದಷ್ಟೂ ಬೇಗಬೇಗ ಮರುಯೋಜಿಸುವ ಸ್ಪೀಡ್ ಕಂಟ್ರೋಲರ್‌ನದೂ ಅದೇ ಹಣೆಬರಹ, ನಿಂತಾಗಲೇ ಅದು ಅತಿ ನಿಧಾನ. ನಡುವೆ ಪ್ಲಾನರನ್ನೇ ಹೈಬ್ರಿಡ್ ಎ-ಸ್ಟಾರ್ ಎಂಬ ದಾರಿ ಹುಡುಕುವ ಬೇರೊಂದು ವಿಧಾನಕ್ಕೆ ಬದಲಿಸಿ ನೋಡಿದೆ. ತಿರುವುಗಳು ಅಂದವಾದವು, ಪ್ರೊಸೆಸರ್ ಏದುಸಿರು ಬಿಟ್ಟಿತು, ಎಡ-ಬಲದ ಜಿಗಿತ ಹಾಗೆಯೇ ಉಳಿಯಿತು.

ದಾರಿ ಕೆಟ್ಟಾಗ ಮಾತ್ರ ಮರುಯೋಜನೆ ಮಾಡುವ ಟ್ರೀ ನ್ಯಾವ್-2ರಲ್ಲಿಯೇ ಸಿದ್ಧವಾಗಿದೆ, ಅದರ ಕೇಂದ್ರ ಈಸ್ ಪಾಥ್ ವ್ಯಾಲಿಡ್ ಎಂಬ ನೋಡ್, ಅಂದರೆ ದಾರಿ ಇನ್ನೂ ತೆರೆದಿದೆಯೇ ಎಂದು ನೋಡುವ ಟ್ರೀಯ ಘಟಕ. ಅದನ್ನು ಇದ್ದಂತೆಯೇ ಹಾಕಿದರೆ ಸಾಲದು, ಏಕೆಂದರೆ ಅದು ಮುಂದಿನ ದಾರಿಯನ್ನೆಲ್ಲ ಪರೀಕ್ಷಿಸುತ್ತದೆ. 25 ಮೀಟರ್ ಆಚೆ ಯಾರೋ ಅಡ್ಡ ದಾಟಿದರೂ ದಾರಿ ಕೆಟ್ಟಿತೆಂದೇ ತೀರ್ಮಾನ. ನಾನು ಸಿ ಪ್ಲಸ್ ಪ್ಲಸ್‌ನಲ್ಲಿ ಸಣ್ಣ ಪ್ಲಗಿನ್ ಬರೆದು ಪರೀಕ್ಷೆಯನ್ನು ಮುಂದಿನ ಆರು ಮೀಟರಿಗೆ ಮಿತಗೊಳಿಸಿದೆ, ಮತ್ತು ದಾರಿ ನಾಲ್ಕೈದು ಸೆಕೆಂಡು ಬಿಡದೆ ಮುಚ್ಚಿದ್ದರೆ ಮಾತ್ರ ಪ್ಲಾನರನ್ನು ಕರೆಯುವಂತೆ ಮಾಡಿದೆ. ಹಮಾಲರು ಅಷ್ಟರಲ್ಲಿ ದಾಟಿಹೋಗಿರುತ್ತಾರೆ, ಬಿದ್ದ ಚೀಲ ಹೋಗಿರುವುದಿಲ್ಲ. ಓಣಿಯಿಂದ ಓಣಿಗೆ ಈ ಅವಧಿ ಬದಲಾಗುತ್ತದೆ. ಯಾವ ಲೆಕ್ಕದಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದೇ ನನ್ನ ಅನ್ನ. ಹಳೆಯ ದಾರಿ ಸರಿಯಿದ್ದಾಗಲೂ ಇಪ್ಪತ್ತು ಸೆಕೆಂಡಿಗೊಮ್ಮೆ ಹೊಸದೊಂದನ್ನು ಲೆಕ್ಕ ಹಾಕಿಸುತ್ತೇನೆ, ಐದನೇ ಒಂದು ಭಾಗದಷ್ಟಾದರೂ ಗಿಡ್ಡವಿದ್ದರಷ್ಟೇ ಒಪ್ಪುತ್ತೇನೆ. ಪ್ರೋಗ್ರೆಸ್ ಚೆಕರ್ 25 ಸೆಕೆಂಡಿಗೆ ಏರಿತು, ಸ್ಪಿನ್ ಟ್ರೀಯಿಂದಲೇ ಹೊರಬಿತ್ತು.

ಆಮೇಲೂ ಕಾಡಿದ್ದು ಧೂಳು. ಮೆಕ್ಕೆಜೋಳ ಸುರಿಯುವಾಗ ಏಳುವ ಧೂಳನ್ನು ಲಿಡಾರ್ ಗೋಡೆಯೆಂದೇ ಬಗೆದು, ಇಲ್ಲದ ಅಡ್ಡಿಯನ್ನು ಕಾಸ್ಟ್‌ಮ್ಯಾಪಿನಲ್ಲಿ ಕೂರಿಸುತ್ತಿತ್ತು. ಒಂಟಿ ಬಿಂದುಗಳನ್ನು ತೆಗೆದುಹಾಕುವ ಫಿಲ್ಟರ್‌ನಿಂದ ಮುಕ್ಕಾಲು ಪಾಲು ಕಡಿಮೆಯಾಯಿತು. ಉಳಿದದ್ದಕ್ಕೆ ಲಿಡಾರನ್ನು ಒಂದು ಗೇಣು ಮೇಲಕ್ಕೆತ್ತಿದೆ.

ಆಟಕ್ಕೆಂದು 300 ರೂಪಾಯಿಯ ಸ್ಪೀಕರ್ ಒಂದನ್ನು ಕಟ್ಟಿ, ಕಾಯುವ ಅವಧಿಯಲ್ಲಿ "ಅಣ್ಣಾ, ಸ್ವಲ್ಪ ದಾರಿ ಬಿಡ್ರಿ" ಎಂದು ಹೇಳಿಸಿದೆ. ಉಳಿದಿದ್ದ ಮರುಯೋಜನೆಗಳಲ್ಲಿ ಅರ್ಧದಷ್ಟು ಅದೊಂದರಿಂದಲೇ ಇಳಿದಿರಬೇಕು. ಈಗ 40 ಮೀಟರ್ ಓಟಕ್ಕೆ ಒಂದೂವರೆ ನಿಮಿಷ ಸಾಕು, ಬ್ಯಾಟರಿ ಸಂಜೆಯವರೆಗೆ ಬರುತ್ತದೆ, ಸಾಹುಕಾರರು ಎರಡನೆಯ ಗಾಡಿಗೆ ಮುಂಗಡವನ್ನೂ ಕೊಟ್ಟರು.

ಎರಡನೆಯದು ಬಂದ ಮೇಲೆ ಹೊಸ ತಾಪತ್ರಯ ಹುಟ್ಟಿತು. ಎದುರುಬದುರಾದ ಎರಡೂ ಗಾಡಿಗಳು ಅಷ್ಟೇ ಹೊತ್ತು ಕಾದು, ಒಟ್ಟಿಗೇ ಹೊಸ ದಾರಿ ಹಿಡಿದು, ಪಕ್ಕದ ಓಣಿಯಲ್ಲಿ ಮತ್ತೆ ಎದುರುಬದುರಾಗುತ್ತಿದ್ದವು. ಸದ್ಯಕ್ಕೆ ಒಂದಕ್ಕೆ 3 ಸೆಕೆಂಡು, ಇನ್ನೊಂದಕ್ಕೆ 7 ಸೆಕೆಂಡು ಎಂದು ಕಾಯುವ ಅವಧಿಯನ್ನು ಬೇರೆಮಾಡಿದ್ದೇನೆ, ನಡೆಯುತ್ತಿದೆ. ಮೂರನೆಯ ಗಾಡಿಗೆ ಇದು ಸಾಲದು.